ನೂರು ತೋರಿಸುವ ಮುಳ್ಳಿನವರಿಗೆ

ಸ್ಪೀಡ್ ಟೆಸ್ಟ್ ಆ್ಯಪಿನ ಮುಳ್ಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ವಿಷಯ: ತಮ್ಮ ಸತ್ಯಸಂಧತೆಯಿಂದ ಗ್ರಾಹಕರಿಗೆ ಆಗುತ್ತಿರುವ ತೊಂದರೆ.

ತಾವು ಸುಳ್ಳು ಹೇಳುತ್ತೀರಿ ಎಂದು ಯಾರಾದರೂ ದೂರಿದರೆ ತಮ್ಮ ಪರವಾಗಿ ಸಾಕ್ಷಿ ನುಡಿಯಲು ನಾನು ಸಿದ್ಧ. ಬಟನ್ ಒತ್ತಿದ ಕೂಡಲೇ ತಾವು ಸೊನ್ನೆಯಿಂದೆದ್ದು ಇಪ್ಪತ್ತು, ಐವತ್ತು, ಎಂಬತ್ತು ದಾಟಿ, ನೂರರ ಬಳಿ ಒಂದಿಷ್ಟು ತೂರಾಡಿ ನಿಲ್ಲುತ್ತೀರಿ. ಬಿಲ್ಲಿನಲ್ಲಿ ಅಚ್ಚಾಗಿರುವುದೂ ನೂರೇ. ಹೇಳಿದ ಮಾತಿಗೂ ಕೊಟ್ಟ ಸರಕಿಗೂ ಇಷ್ಟು ತಾಳೆಯಾಗುವುದು ನಮ್ಮಲ್ಲಿ ಅಪರೂಪ. ಅದೇ ಹೊತ್ತಿಗೆ ಹಾಲಿನ ಟಿವಿಯಲ್ಲಿ ನಾಯಕಿಯನ್ನು ತಡೆಯಲು ಓಡಿಬಂದ ನಾಯಕ ಬಾಯಿ ತೆರೆದವನು ತೆರೆದಂತೆಯೇ ನಿಂತಿರುತ್ತಾನೆ. ಅವನ ಮೂಗಿನ ಮೇಲೊಂದು ಬಿಳಿ ಬಳೆ ಸುತ್ತುತ್ತಿರುತ್ತದೆ. ತಮ್ಮ ನೂರೂ ನಿಜ, ಆ ಬಳೆಯೂ ನಿಜ. ಈ ಎರಡು ನಿಜಗಳ ನಡುವೆ ಸಿಕ್ಕಿಬಿದ್ದವರ ಪರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಮಗಿರುವ ಅಧಿಕಾರ ಎಂಥದ್ದೆಂದು ತಮಗೇ ಗೊತ್ತಿದೆಯೋ ಇಲ್ಲವೋ. ಕಸ್ಟಮರ್ ಕೇರಿಗೆ ಫೋನು ಮಾಡಿ, ಭಾಷೆ ಆರಿಸಿ, ಅಂಕಿ ಒತ್ತಿ, ಹಾಡು ಕೇಳಿ, ಕೊನೆಗೂ ಒಂದು ಮನುಷ್ಯ ಧ್ವನಿ ಸಿಕ್ಕಿತೆನ್ನಿ. ಅದು ಮೊದಲು ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳುತ್ತದೆ. ಆಮೇಲೆ ವಿಚಾರಿಸುವುದು ತಮ್ಮ ಯೋಗಕ್ಷೇಮವನ್ನೇ. "ಸ್ಪೀಡ್ ಟೆಸ್ಟಲ್ಲಿ ಎಷ್ಟು ಬರ್ತಿದೆ ಸಾರ್?" ನೂರು ಅಂದೆವೋ, ಕೇಸು ಮುಗಿಯಿತು. "ಹಂಗಾದ್ರೆ ನಮ್ ಕಡೆಯಿಂದ ಏನೂ ಪ್ರಾಬ್ಲಮ್ ಇಲ್ಲ ಸಾರ್, ಆ್ಯಪಿನವರನ್ನ ಕೇಳಿ." ಆ್ಯಪಿನವರನ್ನು ಕೇಳಿದರೆ ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿಕೊಳ್ಳಿ ಎಂಬ ಸಿದ್ಧ ಉತ್ತರ. ಟಿವಿ ಕಂಪನಿಯವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಎನ್ನುತ್ತಾರೆ. ಅಪ್‌ಡೇಟ್ ಮಾಡಲು ಹೋದರೆ ಅದೂ ಅರ್ಧಕ್ಕೆ ನಿಂತು ಸುತ್ತುತ್ತದೆ.

ಹಟ ಹಿಡಿದರೆ ಒಬ್ಬ ಹುಡುಗನನ್ನು ಕಳಿಸುತ್ತಾರೆ. ಅವನು ಪಾಪ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಾಫಿ ಬೇಡವೆಂದು, ರೂಟರಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತನ್ನ ಫೋನಿನಲ್ಲಿ ತಮ್ಮನ್ನು ಆವಾಹನೆ ಮಾಡುತ್ತಾನೆ. ತಾವು ಮೇಲೇರಿದ ಕೂಡಲೇ ಸ್ಕ್ರೀನ್‌ಶಾಟ್.

"ನೋಡಿ ಸಾರ್, ನೂರಾ ಎರಡು. ಎರಡು ಎಕ್ಸ್‌ಟ್ರಾನೇ ಬರ್ತಿದೆ."

"ಅದು ಸರಿ ಕಣಪ್ಪಾ, ಟಿವಿ ಇರೋದು ಆ ರೂಮಲ್ಲಿ. ಸಿನಿಮಾ ನಿಂತು ನಿಂತು ಬರ್ತಿದೆಯಲ್ಲ?"

"ಅದು ನಮಗೆ ಬರಲ್ಲ ಸಾರ್. ಒಂದು ಓಟಿಪಿ ಬಂದಿರುತ್ತೆ ಹೇಳಿ, ಟಿಕೆಟ್ ಕ್ಲೋಸ್ ಮಾಡ್ಬೇಕು. ರೇಟಿಂಗ್ ಕೇಳಿದ್ರೆ ಫೈವ್ ಕೊಟ್ಬಿಡಿ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಮನೆಯವರು ಆಗಲೇ ಅವನಿಗೆ ಎರಡು ಸಲ ಫೋನು ಮಾಡಿ ಆಗಿತ್ತು. ಸಿಟ್ಟಿರುವುದು ಆ ಸ್ಕ್ರೀನ್‌ಶಾಟ್ ಮೇಲೆ. ತಮ್ಮ ಒಂದು ಭಾವಚಿತ್ರ ಸಿಕ್ಕರೆ ಸಾಕು, ಇಡೀ ಕಂಪನಿಗೆ ನಿರಪರಾಧಿ ಎಂಬ ಸರ್ಟಿಫಿಕೇಟು.

ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. 1080ಪಿ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಚಿತ್ರಕ್ಕೆ 15 ಬೇಕು ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳಿಕೊಂಡಿದೆ. ಯೂಟ್ಯೂಬ್ ಸ್ವಲ್ಪ ಧಾರಾಳಿ, 4ಕೆಗೆ 20 ಎನ್ನುತ್ತದೆ. ಅಂದರೆ ತಾವು ತೋರಿಸುವ ನೂರರಲ್ಲಿ ಐದು ಟಿವಿಗಳಲ್ಲಿ ಐದು 4ಕೆ ಸಿನಿಮಾ ಒಟ್ಟಿಗೆ ಓಡಬೇಕು. ಮನೆಯಲ್ಲಿರುವುದು ಒಂದು ಟಿವಿ. ಅದರಲ್ಲಿ ಓಡಲಾರದೆ ಏದುಸಿರು ಬಿಡುತ್ತಿರುವುದು ಕಪ್ಪು ಬಿಳುಪಿನ ಕಾಲದ ಒಂದು ಪೌರಾಣಿಕ ಚಿತ್ರ. ಇಂಥ ಮನೆಗೆ ಕಂಪನಿಯ ಸಲಹೆ ಏನು ಗೊತ್ತೆ? "ಮುನ್ನೂರರ ಪ್ಲಾನಿಗೆ ಬನ್ನಿ ಸಾರ್." ಐದು ಸಾಕಾಗುವ ಕಡೆ ನೂರು ಕೊಟ್ಟು, ನೂರರಲ್ಲೂ ನಿಂತದ್ದನ್ನು ಮುನ್ನೂರರಿಂದ ಓಡಿಸುವ ಈ ವೈದ್ಯಕ್ಕೆ ತಿಂಗಳ ಬಿಲ್ಲು ಹೆಚ್ಚುವುದೊಂದೇ ಖಚಿತ ಫಲ.

ತಪ್ಪು ಎಲ್ಲಿದೆಯೆಂದರೆ, ಸಿನಿಮಾ ನೋಡುವುದು ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಪ್ಲೇಯರ್ ಎಂಬುದು ಚಿತ್ರವನ್ನು ಇಡಿಯಾಗಿ ತರಿಸುವುದಿಲ್ಲ, ಕೆಲವೇ ಸೆಕೆಂಡುಗಳ ತುತ್ತುಗಳಾಗಿ ತರಿಸಿಕೊಳ್ಳುತ್ತದೆ. ಆಪಲ್‌ನವರ ಪದ್ಧತಿಯಲ್ಲಿ ತುತ್ತಿನ ಅಳತೆ 6 ಸೆಕೆಂಡು. ಎಲೆಯ ಮೇಲೆ ಮುಂಚಿತವಾಗಿ ಒಂದಿಷ್ಟು ಬಿದ್ದಿದ್ದರೆ, ಬಡಿಸುವವರು ಆಚೆ ಸಾಲಿಗೆ ಹೋಗಿ ತಡವಾಗಿ ಬಂದರೂ ಉಣ್ಣುವವನಿಗೆ ಗೊತ್ತಾಗುವುದಿಲ್ಲ. ಆ ಮುಂಚಿತದ ಅನ್ನವೇ ಬಫರು. ಬಡಿಸುವವರು ತಡಮಾಡುತ್ತಿದ್ದಾರೆಂಬ ಸುಳಿವು ಸಿಕ್ಕರೆ ಪ್ಲೇಯರ್ ಮುಂದಿನ ತುತ್ತನ್ನು ಚಿಕ್ಕದಾಗಿ, ಅಂದರೆ ಕಡಿಮೆ ಗುಣಮಟ್ಟದಲ್ಲಿ ಕೇಳುತ್ತದೆ. ಮುಖಗಳು ಇದ್ದಕ್ಕಿದ್ದಂತೆ ಮಬ್ಬಾಗುವುದು ಅದಕ್ಕೇ. ಆಗಲೂ ಬಾರದಿದ್ದರೆ ಎಲೆ ಬರಿದು, ಬಳೆ ಸುತ್ತುತ್ತದೆ. ಇಲ್ಲಿ ಬೇಕಾದದ್ದು ಅಡುಗೆಮನೆಯಲ್ಲಿ ಎಷ್ಟು ಕೊಳಗ ಅನ್ನ ಬೆಂದಿದೆ ಎಂಬ ಲೆಕ್ಕವಲ್ಲ, ಸೌಟು ಎಷ್ಟು ಹೊತ್ತಿಗೊಮ್ಮೆ ನಮ್ಮ ಎಲೆಯ ಬಳಿ ಬರುತ್ತದೆ ಎಂಬ ಲೆಕ್ಕ. ತಾವು ಕೊಳಗ ಎಣಿಸುವುದರಲ್ಲಿ ನಿಪುಣರು.

ಅದೂ ಯಾವ ಅಡುಗೆಮನೆಯದು? ಆ್ಯಪು ತಾನಾಗಿ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ. ಬಹಳ ಸಲ ಅದು ನಮ್ಮ ಇಂಟರ್ನೆಟ್ ಕಂಪನಿಯೇ ತನ್ನ ಜಾಲದೊಳಗೆ ಸಾಕಿಕೊಂಡಿರುವ ಸರ್ವರ್. ಅಲ್ಲಿಂದ ಮನೆಗೆ, ಒಂದೇ ಬಾರಿಗೆ ಹಲವು ಸಂಪರ್ಕ ತೆರೆದು, ಕೆಲವೇ ಸೆಕೆಂಡು ಅಳೆದು, ತಾವು ಶಹಬ್ಬಾಸ್ ಎನ್ನುತ್ತೀರಿ. ಸಿನಿಮಾ ಬರುವುದು ಬೇರೆ ದಾರಿಯಲ್ಲಿ, ಒಂದೋ ಎರಡೋ ಸಂಪರ್ಕದಲ್ಲಿ, ಎರಡೂವರೆ ಗಂಟೆ ಹೊತ್ತು. ತಮ್ಮನ್ನು ದೂರಿ ಏನು ಫಲ, ಸರ್ಕಾರಿ ಅಳತೆಯೂ ಹಾಗೇ ಇತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ತಂದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲಿ ವೇಗವನ್ನು ನೋಡಬೇಕಾದದ್ದು ಕಂಪನಿಯ ನೋಡ್‌ನಿಂದ ಗ್ರಾಹಕನವರೆಗೆ. ಅಷ್ಟು ದಾರಿಯಲ್ಲಿ, ಒಪ್ಪಿಕೊಂಡ ವೇಗದ ಶೇ. 80ಕ್ಕಿಂತ ಹೆಚ್ಚು ಸಿಗಬೇಕು ಎಂದಿತ್ತು. ನೋಡ್‌ನಿಂದಾಚೆ ಇರುವುದು ಇಂಟರ್ನೆಟ್. ಗ್ರಾಹಕ ದುಡ್ಡು ಕೊಡುವುದು ಇಂಟರ್ನೆಟ್ಟಿಗೆ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಇನ್ನೂ ಇದೆ.

2016ರಲ್ಲಿ ನೆಟ್‌ಫ್ಲಿಕ್ಸ್‌ನವರು ಫಾಸ್ಟ್ ಡಾಟ್ ಕಾಮ್ ಎಂಬ ತಮ್ಮ ದಾಯಾದಿಯೊಬ್ಬರನ್ನು ಹುಟ್ಟುಹಾಕಿದರು. ಅವರಿಗೆ ಮುಳ್ಳಿಲ್ಲ, ಬರೀ ದಪ್ಪ ಅಂಕಿ. ಆದರೆ ಅವರು ಅಳೆಯುವುದು ಸಿನಿಮಾ ಹೊರಡುವ ಸರ್ವರುಗಳಿಂದಲೇ. ತಾವು ನೂರು ಎಂದ ನಿಮಿಷದಲ್ಲೇ ಅವರು ಹದಿನಾಲ್ಕು ಎಂದರೆ, ಸಂಬಂಧಿಕರ ನಡುವಿನ ಆ ಭಿನ್ನಾಭಿಪ್ರಾಯದಲ್ಲೇ ರೋಗದ ವಿಳಾಸ ಇದೆ: ಕಂಪನಿಯ ಜಾಲವೂ ಸಿನಿಮಾದವರ ಜಾಲವೂ ಕೂಡುವ ಜಾಗದಲ್ಲಿ ನೂಕುನುಗ್ಗಲು. ಇದು ಬೆಳಗಿನ ಆರಕ್ಕೆ ಕಾಣುವುದಿಲ್ಲ, ರಾತ್ರಿ ಒಂಬತ್ತಕ್ಕೆ ಕಾಣುತ್ತದೆ. ಎರಡೂ ಹೊತ್ತು ಅಳೆದು ಬರೆದಿಟ್ಟುಕೊಂಡ ಗ್ರಾಹಕನ ಜೊತೆ ಕಸ್ಟಮರ್ ಕೇರಿನವರ ದನಿ ಸ್ವಲ್ಪ ಬದಲಾಗುತ್ತದೆ. ಬರೀ ತಮ್ಮ ಹೆಸರು ಹೇಳಿದವನ ಜೊತೆ ಬದಲಾಗುವುದಿಲ್ಲ.

ರಾತ್ರಿ ಒಂಬತ್ತರ ವಿಷಯ ಬಂತು. ಮನೆಗೆ ಬರುವ ಫೈಬರು ನಮ್ಮೊಬ್ಬರದಲ್ಲ. ನಮ್ಮ ಊರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಏರ್ಪಾಡಿನಲ್ಲಿ ಒಂದು ಎಳೆಯ ಇಳಿವೇಗ ಒಟ್ಟು 2.488 ಜಿಬಿಪಿಎಸ್. ಅದನ್ನು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಅರವತ್ತನಾಲ್ಕು ಮನೆಯವರೂ ಒಂದೇ ಗಳಿಗೆಯಲ್ಲಿ ಎಳೆದರೆ ತಲೆಗೆ ಸುಮಾರು 39 ಎಂಬಿಪಿಎಸ್. ನ್ಯಾಯವಾಗಿ ಹೇಳಬೇಕು, ಅದರಲ್ಲೂ ಸಿನಿಮಾ ನಿಲ್ಲಬಾರದು. ನಿಲ್ಲುತ್ತದೆಂದರೆ ಗಂಟಲು ಕಟ್ಟಿರುವುದು ಇನ್ನೂ ಮೇಲೆ, ನಮ್ಮ ಕೇಬಲ್‌ನವರು ದೊಡ್ಡ ಕಂಪನಿಯಿಂದ ಸಗಟಿನಲ್ಲಿ ಕೊಂಡ ಬ್ಯಾಂಡ್‌ವಿಡ್ತಿನಲ್ಲಿ. ಎಷ್ಟು ಕೊಂಡಿದ್ದಾರೆ, ಎಷ್ಟು ಜನಕ್ಕೆ ಮಾರಿದ್ದಾರೆ ಎಂದು ಕೇಳಿ ನೋಡಿ. ಅವರು ತಮ್ಮ ಸ್ಕ್ರೀನ್‌ಶಾಟ್ ಕಳಿಸುತ್ತಾರೆ.

ಇಲ್ಲವೇ ಸಮುದ್ರದ ಕಡೆ ಕೈ ತೋರಿಸುತ್ತಾರೆ. "ಸಮುದ್ರದೊಳಗೆ ಕೇಬಲ್ ಕಟ್ಟಾಗಿದೆ ಸಾರ್." ಆಗುವುದುಂಟು. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲುಗಳು ತುಂಡಾಗಿ ಭಾರತದ ಇಂಟರ್ನೆಟ್ ನರಳಿತ್ತು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಅದೇ ಕತೆ. ಆದರೆ ಇವತ್ತು ಜನ ಮುಗಿಬಿದ್ದು ನೋಡುವ ಸಿನಿಮಾ ಸಮುದ್ರ ದಾಟಿ ಬರುವುದೇ ಇಲ್ಲ. ನೆಟ್‌ಫ್ಲಿಕ್ಸ್‌ನ ಓಪನ್ ಕನೆಕ್ಟ್ ಪೆಟ್ಟಿಗೆಗಳು, ಗೂಗಲ್‌ನ ಗ್ಲೋಬಲ್ ಕ್ಯಾಶ್ ಸರ್ವರುಗಳು ನಮ್ಮ ದೇಶದ ಇಂಟರ್ನೆಟ್ ಕಂಪನಿಗಳ ಕಟ್ಟಡದೊಳಗೇ ಕೂತಿವೆ. ಜನಪ್ರಿಯ ಚಿತ್ರದ ಪ್ರತಿ ಅಲ್ಲೇ ತಯಾರಿರುತ್ತದೆ. ಕನ್ನಡ ಸಿನಿಮಾ ನೋಡುವವನಿಗೆ ಕೆಂಪು ಸಮುದ್ರದ ನೆಪ ಹೇಳುವಾಗ ಬೀದಿ ಕೊನೆಯ ಹೊಂಗೆ ಮರದಲ್ಲಿ ಜೋತಾಡುತ್ತಿರುವ ಕೇಬಲ್ಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಚೆನ್ನಿತ್ತು. ಅಲ್ಲಿ ಅಳಿಲಿನ ಹಲ್ಲು, ವಿದ್ಯುತ್ ಇಲಾಖೆಯವರ ಕೊಂಬೆ ಕತ್ತರಿ, ಗಣೇಶನ ಮೆರವಣಿಗೆಗೆ ದಾರಿ ಬಿಡಲು ಕೋಲಿನಿಂದ ಮೇಲೆತ್ತಿದ ಗುರುತು, ಎಲ್ಲವೂ ಇವೆ. ಫೈಬರು ಪೂರ್ತಿ ತುಂಡಾದರೆ ಮನೆಯೊಳಗಿನ ಡಬ್ಬಿಯ ಮೇಲೆ ಕೆಂಪು ದೀಪ ಹೊತ್ತಿ ವಿಷಯ ಸ್ಪಷ್ಟವಾಗುತ್ತದೆ. ತೊಂದರೆ ಕೊಡುವುದು ಅರ್ಧ ಮುರಿದ, ಮಡಿಚಿದ ಫೈಬರು. ಬೆಳಕಿನ ಬಲ 3 ಡೆಸಿಬೆಲ್ ಇಳಿದರೆ ಅರ್ಧಕ್ಕೆ ಇಳಿದಂತೆ. ಮೈನಸ್ 27ರ ಆಸುಪಾಸು ತಲುಪಿದರೆ ಡಬ್ಬಿಗೆ ಮಾತು ಅರ್ಧಂಬರ್ಧ ಕೇಳಿಸುತ್ತದೆ. ಮಾಹಿತಿಯ ಪೊಟ್ಟಣಗಳಾದ ಪ್ಯಾಕೆಟ್ಟುಗಳು ದಾರಿಯಲ್ಲಿ ಕಳೆದುಹೋಗುತ್ತವೆ. ತಾವು ಹಲವು ಸಂಪರ್ಕ ಒಟ್ಟಿಗೆ ತೆರೆಯುವುದರಿಂದ ಒಂದು ಎಡವಿದರೆ ಉಳಿದವು ಎತ್ತಿ ನಿಲ್ಲಿಸುತ್ತವೆ, ಕಳೆದುಹೋದದ್ದು ಅಂಕಿಯಲ್ಲಿ ಕಾಣುವುದೇ ಇಲ್ಲ. ಬಂದ ಹುಡುಗನಿಗೆ "ಪವರ್ ಮೀಟರ್ ಹಾಕಿ ಲೈಟ್ ಎಷ್ಟಿದೆ ನೋಡಪ್ಪಾ" ಎಂದರೆ ಅವನು ತಲೆಯೆತ್ತಿ ನೋಡುತ್ತಾನೆ. ಈ ಮನೆಯಲ್ಲಿ ಕಾಫಿ ಕುಡಿಯದೆ ಗತಿಯಿಲ್ಲ ಎಂದು ಅವನಿಗೆ ಗೊತ್ತಾಗಿರುತ್ತದೆ.

ಪ್ಯಾಕೆಟ್ ಕಳೆದುಹೋಗುವುದಕ್ಕೊಂದು ಚರಿತ್ರೆಯಿದೆ, ಬೇಸರಿಸಬೇಡಿ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ, ಬರೀ 400 ಗಜ ದೂರಕ್ಕೆ, ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ಜಾಲ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಸಾವಿರವಲ್ಲ, ಬರೀ ನಲವತ್ತು. ಎಲ್ಲ ಕಂಪ್ಯೂಟರುಗಳೂ ಕಳೆದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ತುಂಬಿಸುತ್ತಿದ್ದವು. ವ್ಯಾನ್ ಜೇಕಬ್ಸನ್ ಎಂಬವರು ಅದಕ್ಕೆ ಮದ್ದು ಕಂಡುಹಿಡಿದು 1988ರಲ್ಲಿ ಪ್ರಕಟಿಸಿದರು: ಪ್ಯಾಕೆಟ್ ಕಳೆಯಿತೋ, ದಾರಿ ತುಂಬಿದೆಯೆಂದು ತಿಳಿದು ನೀನೇ ವೇಗ ತಗ್ಗಿಸು, ಆಮೇಲೆ ಮೆಲ್ಲನೆ ಏರಿಸು. ಆ ಸಜ್ಜನಿಕೆಯ ಮೇಲೆ ಇವತ್ತಿಗೂ ಇಂಟರ್ನೆಟ್ ನಿಂತಿದೆ. ಪೇಚು ಎಂದರೆ, ಪ್ಯಾಕೆಟ್ ಕಳೆದದ್ದು ಜಂಗುಳಿಯಿಂದಲೋ ಮುರಿದ ಫೈಬರಿನಿಂದಲೋ ಈ ಸಜ್ಜನರಲ್ಲಿ ಬಹುಪಾಲು ಮಂದಿಗೆ ತಿಳಿಯದು. ಎರಡಕ್ಕೂ ಕೈಮುಗಿದು ಹಿಂದೆ ಸರಿಯುತ್ತಾರೆ. ದಾರಿ ಖಾಲಿ ಇದ್ದರೂ ಸಿನಿಮಾ ಮೆಲ್ಲಗೆ ಬರುವುದು ಹೀಗೆ.

ಇಷ್ಟು ಹೊತ್ತು ಕಂಪನಿಯನ್ನು ಬೈದೆ. ಇನ್ನು ಮನೆಯೊಳಗಿನ ಮಾತು. ಇದು ತಮ್ಮ ಕಿವಿಗೆ ಇಂಪಾಗಬಹುದು, ಏಕೆಂದರೆ ಬಫರಿಂಗಿನ ದೊಡ್ಡ ಪಾಲು ಹುಟ್ಟುವುದು ರೂಟರಿಗೂ ಟಿವಿಗೂ ನಡುವಿನ ಇಪ್ಪತ್ತು ಅಡಿಯಲ್ಲಿ. ನಮ್ಮಲ್ಲಿ ರೂಟರ್ ಇಡುವ ಜಾಗ ತೀರ್ಮಾನವಾಗುವುದು ರೇಡಿಯೋ ಅಲೆಗಳನ್ನು ನೋಡಿಯಲ್ಲ, ಕೇಬಲಿನವನು ಎಲ್ಲಿ ಗೋಡೆ ತೂತು ಹೊಡೆದ ಎಂಬುದನ್ನು ನೋಡಿ. ಅದು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಚೆಂದ ಕಾಣುವುದಿಲ್ಲವೆಂದು ಶೋಕೇಸಿನೊಳಗೆ, ಹಿತ್ತಾಳೆ ನಟರಾಜನ ಹಿಂದೆ ಸರಿಸುತ್ತಾರೆ. ಧೂಳಾಗುತ್ತದೆಂದು ಕಸೂತಿ ಬಟ್ಟೆ ಹೊದಿಸುತ್ತಾರೆ. ಒಳಗೆ ಅದು ಜ್ವರ ಬಂದವರ ಹಾಗೆ ಕಾಯುತ್ತದೆ. ಪಕ್ಕದಲ್ಲಿ ಉಕ್ಕಿನ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಲೋಹ ಅಲೆಗಳನ್ನು ವಾಪಸು ಕಳಿಸುತ್ತದೆ, ಮೀನಿನ ತೊಟ್ಟಿಯ ನೀರು ಅವನ್ನು ಕುಡಿದುಬಿಡುತ್ತದೆ, ಕಾಂಕ್ರೀಟಿನೊಳಗಿನ ಕಂಬಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇದರ ಮೇಲೆ ವೈಫೈ 2.4 ಗಿಗಾಹರ್ಟ್ಸಿನಲ್ಲಿದ್ದರೆ ಇಡೀ ಅಪಾರ್ಟ್‌ಮೆಂಟಿನ ರೂಟರುಗಳೆಲ್ಲ ಅದೇ ಓಣಿಯಲ್ಲಿ. ಅಲ್ಲಿ ಒಂದರ ಮೇಲೊಂದು ಬೀಳದ ಚಾನಲ್ಲುಗಳು ಮೂರೇ, 1, 6 ಮತ್ತು 11. ಪಾಪ್‌ಕಾರ್ನ್ ಮಾಡುವ ಮೈಕ್ರೋವೇವ್ ಒಲೆ ಕೂಡ ಅದೇ ಅಲೆಗಳ ನೆರೆಯವನು. ಸಿನಿಮಾಕ್ಕೆಂದೇ ಮಾಡಿದ ಪಾಪ್‌ಕಾರ್ನು ಸಿನಿಮಾವನ್ನೇ ನಿಲ್ಲಿಸುವುದುಂಟು.

5 ಗಿಗಾಹರ್ಟ್ಸಿಗೆ ಬದಲಾಯಿಸಿಕೊಂಡರೆ ಜಂಗುಳಿ ಕಡಿಮೆ, ವೇಗ ಹೆಚ್ಚು; ಗೋಡೆ ದಾಟುವ ಶಕ್ತಿ ಮಾತ್ರ ಕಡಿಮೆ. ಹಾಗಾಗಿ ಟಿವಿ ಅದೇ ಕೋಣೆಯಲ್ಲಿದ್ದರೆ 5, ಎರಡು ಗೋಡೆಯಾಚೆ ಇದ್ದರೆ ತಂತಿ. ತಂತಿ ಎಂದ ಕೂಡಲೇ ಮನೆಯವರು ಗೋಡೆಗೆ ಬಳಿದ ಹೊಸ ಬಣ್ಣದ ಕಡೆ ನೋಡುತ್ತಾರೆ. ಆದರೆ ನನ್ನ ತೀರ್ಮಾನ ಇದು: ನೂರರಿಂದ ಮುನ್ನೂರರ ಪ್ಲಾನಿಗೆ ಹೋಗುವುದಕ್ಕಿಂತ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಕ್ಯಾಟ್ 6 ಕೇಬಲ್ ಕೊಂಡು ರೂಟರಿನಿಂದ ಟಿವಿಗೆ ಎಳೆದವನು ಹೆಚ್ಚು ಸುಖಿ. ಟಿವಿಯ ಆ ಪೋರ್ಟು ಅನೇಕ ಮಾದರಿಗಳಲ್ಲಿ ನೂರು ಎಂಬಿಪಿಎಸ್ಸಿನದೇ, ಅಷ್ಟು ಬೇಕಾದಷ್ಟಾಯಿತು. ಅಲುಗಾಡದೆ ಬರುವ ಇಪ್ಪತ್ತು, ಕುಣಿಯುತ್ತಾ ಬರುವ ಇನ್ನೂರಕ್ಕಿಂತ ಮೇಲು.

ಇನ್ನೊಂದು ಒಳಗುಟ್ಟು. ವೈಫೈ ಎಲ್ಲರಿಗೂ ಸರದಿಯಂತೆ ಮಾತಾಡಲು ಬಿಡುತ್ತದೆ. ಹಿಂದಿನ ಕೋಣೆಯ ಮೂಲೆಯಲ್ಲಿ ಅಜ್ಜಿಯ ಹಳೆಯ ಫೋನು ಕ್ಷೀಣ ಸಿಗ್ನಲ್ಲಿನಲ್ಲಿ ಒಂದು ವಾಟ್ಸ್ಆ್ಯಪ್ ಸುಪ್ರಭಾತ ಇಳಿಸಿಕೊಳ್ಳುತ್ತಿದ್ದರೆ, ಅದು ಮೆಲ್ಲಗೆ ಮಾತಾಡುವುದರಿಂದ ತನ್ನ ಸರದಿಯಲ್ಲಿ ಬಹಳ ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಟಿವಿ ಕೈಕಟ್ಟಿ ಕಾಯಬೇಕು. ಸುಪ್ರಭಾತ ನಿಲ್ಲಿಸಿ ಎಂದು ಅಜ್ಜಿಗೆ ಹೇಳುವ ಧೈರ್ಯ ಯಾವ ಎಂಜಿನಿಯರಿಗೂ ಇಲ್ಲ.

ಫೋನುಗಳು ಚಾರ್ಜಿಗೆ ಬಿದ್ದ ಕೂಡಲೇ ಮದುವೆಯ ವಿಡಿಯೋಗಳನ್ನು ಕ್ಲೌಡಿಗೆ ಏರಿಸತೊಡಗುತ್ತವೆ. ಏರುವ ದಾರಿ ಕಟ್ಟಿಕೊಂಡರೆ ಇಳಿಯುವ ಸಿನಿಮಾವೂ ನಿಲ್ಲುತ್ತದೆ, ಏಕೆಂದರೆ ಪ್ಯಾಕೆಟ್ ತಲುಪಿತು ಎಂಬ ರಸೀದಿ ವಾಪಸು ಹೋಗಬೇಕಾದದ್ದು ಅದೇ ಏರುದಾರಿಯಲ್ಲಿ. ರೂಟರಿನ ಹೊಟ್ಟೆ ದೊಡ್ಡದಾದಷ್ಟೂ ರಸೀದಿಗಳು ಹೆಚ್ಚು ಹೊತ್ತು ಸರದಿಯಲ್ಲಿ ಕೊಳೆಯುತ್ತವೆ. ಜಿಮ್ ಗೆಟಿಸ್ ಎಂಬವರು ಸುಮಾರು 2010ರಲ್ಲಿ ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ಹಬ್ಬಿಸಿದರು. ಗಮನಿಸಿ: ಟಿವಿಯಲ್ಲಿ ಬಫರ್ ಕಡಿಮೆಯಾಗಿ ಸಿನಿಮಾ ನಿಂತಿತು, ರೂಟರಿನಲ್ಲಿ ಬಫರ್ ಹೆಚ್ಚಾಗಿ ನಿಂತಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಇದಕ್ಕೂ ಮದ್ದು ಬರೆದವರು ಅದೇ ವ್ಯಾನ್ ಜೇಕಬ್ಸನ್. ಒಳ್ಳೆಯ ರೂಟರುಗಳಲ್ಲಿ ಅದು ಎಸ್‌ಕ್ಯೂಎಂ ಎಂಬ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಕಂಪನಿ ಪುಕ್ಕಟೆ ಕೊಟ್ಟ ಡಬ್ಬಿಯಲ್ಲಿ ಅದನ್ನು ಹುಡುಕುವವರಿಗೆ ಬೇರೆ ಕೆಲಸವಿಲ್ಲ ಎಂದರ್ಥ. ಅವರು ಫೋನಿನ ಬ್ಯಾಕಪ್ಪನ್ನು ನಡುರಾತ್ರಿಗೆ ಮುಂದೂಡಲಿ.

ಟಿವಿಯೂ ಸಾಚಾ ಅಲ್ಲ. ಅಂಗಡಿಯಲ್ಲಿ ಪರದೆಯ ಇಂಚು ಕೇಳಿದವರು ಒಳಗಿನ ಚಿಪ್ಪಿನ ಬಗ್ಗೆ ಕೇಳುವುದಿಲ್ಲ. ಅದರ ಎಂಟು ಜಿಬಿ ಜಾಗ ತುಂಬಿ, ನಾಲ್ಕು ಆ್ಯಪು ಹಿಂದೆ ಓಡುತ್ತಿದ್ದರೆ ಗಂಗೆ ಹರಿದು ಬಂದರೂ ಕುಡಿಯಲು ಬಾಯಿಲ್ಲ. ಕಳ್ಳ ಯಾರೆಂದು ತಿಳಿಯುವ ದಾರಿ ಸುಲಭ: ಯೂಟ್ಯೂಬಿನಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಎಂಬ ಆಯ್ಕೆ ತೆರೆಯಿರಿ. ಬಫರ್ ಹೆಲ್ತ್ ಎಂಬ ಅಂಕಿ ಸೊನ್ನೆಗೆ ಇಳಿಯುತ್ತಿದ್ದರೆ ತಪ್ಪು ದಾರಿಯದ್ದು. ಅದು ಚೆನ್ನಾಗಿದ್ದೂ ಡ್ರಾಪ್ಡ್ ಫ್ರೇಮ್ಸ್ ಏರುತ್ತಿದ್ದರೆ ತಪ್ಪು ಟಿವಿಯದ್ದು. ತಾವು ಇಷ್ಟು ವರ್ಷದಲ್ಲಿ ಹೇಳದೇ ಹೋದದ್ದನ್ನು ಈ ಎರಡು ಸಾಲು ಹೇಳಿಬಿಡುತ್ತವೆ.

ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಾಯಿಸಿ ಎನ್ನುವ ಅಳಿಯಂದಿರ ಬಗ್ಗೆ ಒಂದೇ ಮಾತು. ಸಿನಿಮಾದವರು ನಮ್ಮನ್ನು ಹತ್ತಿರದ ಸರ್ವರಿಗೆ ಕಳಿಸುವಾಗ ಎಷ್ಟೋ ಸಲ ನೋಡುವುದು ಡಿಎನ್‌ಎಸ್ ಎಲ್ಲಿದೆ ಎಂಬುದನ್ನು. ಹೊರಗಿನದ್ದು ಹಾಕಿಕೊಂಡರೆ ಪಕ್ಕದ ಬೀದಿಯ ಕ್ಯಾಶ್ ಬಿಟ್ಟು ದೂರದ ಊರಿನಿಂದ ಚಿತ್ರ ಬರುವ ಸಂಭವವೂ ಉಂಟು. ವಿಪಿಎನ್ ಮಾತ್ರ ಪರೀಕ್ಷೆಗೆ ಒಳ್ಳೆಯದು: ಸುತ್ತುದಾರಿಯಲ್ಲಿ ಸಿನಿಮಾ ಸರಾಗವಾಗಿ, ನೇರದಾರಿಯಲ್ಲಿ ನಿಂತು ಬರುತ್ತಿದ್ದರೆ ಕಂಪನಿಯ ನೇರದಾರಿ ಸೊಟ್ಟಗಿದೆ ಎಂದರ್ಥ.

ಕ್ರಿಕೆಟ್ ದಿನದ ಪಾಡು ಬೇರೆ. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರಿನಲ್ಲಿ ಒಂದೇ ಸಮಯದಲ್ಲಿ 5.9 ಕೋಟಿ ಮಂದಿ ನೋಡುತ್ತಿದ್ದರು. ಮುಂದಿನ ಓವರು ಇನ್ನೂ ಬೆಂದೇ ಇಲ್ಲ, ಎಲೆಗೆ ಮುಂಚಿತವಾಗಿ ಬಡಿಸುವುದು ಹೇಗೆ? ಆಪಲ್‌ನವರ ಪದ್ಧತಿಯಲ್ಲಿ ಪ್ಲೇಯರ್ ನೇರಪ್ರಸಾರದ ತುದಿಯಿಂದ ಕನಿಷ್ಠ ಮೂರು ತುತ್ತು ಹಿಂದೆ ಇರುತ್ತದೆ. ಆರಾರು ಸೆಕೆಂಡಿನಂತೆ ಅಲ್ಲಿಗೇ ಹದಿನೆಂಟು ಸೆಕೆಂಡು. ಕೇಬಲ್ ಟಿವಿ ಇಟ್ಟುಕೊಂಡ ಪಕ್ಕದ ಮನೆಯವರು "ಔಟ್" ಎಂದು ಕಿರುಚಿದಾಗ ನಮ್ಮ ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಉಜ್ಜುತ್ತಿರುತ್ತಾನೆ. ಇದಕ್ಕೆ ಮದ್ದಿಲ್ಲ, ಕಿಟಕಿ ಮುಚ್ಚಬೇಕು. ಪೂರ್ತಿ ನಿಂತುಹೋಗುವ ಬದಲು ಗುಣಮಟ್ಟವನ್ನು ಕೈಯಾರೆ 720ಪಿಗೆ ಇಳಿಸಿ ನೋಡುವುದರಲ್ಲಿ ಅವಮಾನವೇನೂ ಇಲ್ಲ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ದೊಡ್ಡ ದೊಡ್ಡ ವಿಡಿಯೋ ಕಂಪನಿಗಳೇ ಭಾರತದ ಮೊಬೈಲ್ ಜಾಲಗಳಲ್ಲಿ ಚಿತ್ರವನ್ನು 480ಪಿಗೆ ಇಳಿಸಲು ಒಪ್ಪಿದವು. ನೋಡುಗರಲ್ಲಿ ಎಷ್ಟು ಮಂದಿಗೆ ಅದು ಗೊತ್ತಾಯಿತೋ ಕಾಣೆ.

ತಾವು ನಗರವಾಸಿಗಳು ಎಂಬ ಆಕ್ಷೇಪವೂ ಇದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆಬದಿಯಲ್ಲಿ ಮಗಳು ಆನ್‌ಲೈನ್ ಪಾಠಕ್ಕೆ ಕೂತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ದೇಶವೆಲ್ಲ ಓಡಾಡಿತು. ಅಲ್ಲಿ ತಮ್ಮನ್ನು ಕರೆದಿದ್ದರೆ ತಾವು ಸೊನ್ನೆಯಿಂದ ಮೇಲೇಳುತ್ತಿದ್ದಿರೋ ಇಲ್ಲವೋ. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಎರಡರಲ್ಲಿ 720ಪಿ ಚಿತ್ರವೂ ನೆಟ್ಟಗೆ ಓಡದು. ಅಷ್ಟಿದ್ದರೂ ಕಾಗದದಲ್ಲಿ ಅದು ಬ್ರಾಡ್‌ಬ್ಯಾಂಡೇ, ಬಫರಿಂಗ್ ಆದರೂ ಕಾನೂನುಬದ್ಧ ಬಫರಿಂಗ್.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆ. ಏರಿದ ಎತ್ತರವನ್ನು ದಪ್ಪಕ್ಷರದಲ್ಲಿ ತೋರಿಸುವ ತಾವು, ಬಿದ್ದ ಆಳವನ್ನೂ ಅಷ್ಟೇ ದಪ್ಪಕ್ಷರದಲ್ಲಿ ತೋರಿಸಿ. ಕಳೆದುಹೋದ ಪ್ಯಾಕೆಟ್ಟುಗಳ ಲೆಕ್ಕ, ಜಾಲ ತುಂಬಿದಾಗ ಆಗುವ ವಿಳಂಬ, ಇವನ್ನು ಮೂಲೆಯ ಸಣ್ಣ ಅಕ್ಷರದಿಂದ ನಡುಮನೆಗೆ ತನ್ನಿ. ರೂಟರಿನ ಪಕ್ಕದಲ್ಲಿ ನಿಂತು ತಮ್ಮನ್ನು ಕರೆದರೆ ಏಳಬೇಡಿ, ಟಿವಿಯ ಮುಂದೆ ನಿಂತು ಕರೆದರೆ ಮಾತ್ರ ಏಳಿ. ಹತ್ತು ಸೆಕೆಂಡಿನ ಪೌರುಷ ಬಿಟ್ಟು ಒಂದು ಪೂರ್ತಿ ಸಿನಿಮಾ ರೀಲಿನಷ್ಟು ಹೊತ್ತು ನಿಂತು ತೋರಿಸಿ. ಆಗದಿದ್ದರೆ ತಮ್ಮ ಮೇಲೆ ಮೇಲ್ಮನವಿ ಹೋಗಬೇಕಾಗುತ್ತದೆ. ಡಾಕೆಟ್ ನಂಬರು ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋದರೆ 39 ದಿನದೊಳಗೆ ತೀರ್ಮಾನ ಕೊಡಬೇಕೆಂದು ಟ್ರಾಯ್ ನಿಯಮವಿದೆ. ಅದನ್ನು ಬಳಸುವ ಗ್ರಾಹಕರು ಕಡಿಮೆ, ಏಕೆಂದರೆ ಓಟಿಪಿ ಕೊಟ್ಟಾಗಲೇ ಅವರ ದೂರು ಸುಖಾಂತ್ಯವಾಗಿರುತ್ತದೆ. ಹಾಗಾಗಿ ಓದುಗರಿಗೂ ಈ ಮೂಲಕ ಒಂದು ಕಿವಿಮಾತು: ಸಿನಿಮಾ ಓಡುವವರೆಗೆ ಓಟಿಪಿ ಹೇಳಬೇಡಿ.

ಇಂತಿ,
ಪ್ಲಾನಿನ ಪ್ರಕಾರ ನೂರು ಎಂಬಿಪಿಎಸ್ಸಿನ ಒಬ್ಬ ಗ್ರಾಹಕ

ಪ್ರತಿಗಳು:
ಇಂಟರ್ನೆಟ್ ಕಂಪನಿಯವರಿಗೆ, ಮಾಹಿತಿಗಾಗಿ.
ಸಿನಿಮಾ ಆ್ಯಪಿನವರಿಗೆ, ಮಾಹಿತಿಗಾಗಿ.
ಹೊಂಗೆ ಮರದ ಅಳಿಲಿನವರಿಗೆ, ಸೂಕ್ತ ಕ್ರಮಕ್ಕಾಗಿ. ಮೂವರಲ್ಲಿ ಕೇಬಲಿನ ಬಳಿಗೆ ದಿನವೂ ತಪ್ಪದೆ ಬರುವವರು ಇವರೊಬ್ಬರೇ.